ಅರ್ಧ ಟಿಕೆಟಿನ ಪೋಷಕ: ಅಜ್ಜೀಪುರ–ಕೊಳ್ಳೇಗಾಲ ಮಾರ್ಗದ ದಾಖಲೆಗಳ ಶಾಸ್ತ್ರೀಯ ಪರಿಶೀಲನೆ

ತಾಯಿಯೊಬ್ಬಳೇ ಮಗನೊಂದಿಗೆ ಅಜ್ಜೀಪುರದಿಂದ ಕೊಳ್ಳೇಗಾಲಕ್ಕೆ ಸರ್ಕಾರಿ ಬಸ್ಸು ಹತ್ತಿದರೆ ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆ ಎಂಬ ಪ್ರಶ್ನೆಯನ್ನು ವಿದ್ವತ್ ಲೋಕ ಈವರೆಗೆ ಕಡೆಗಣಿಸಿದೆ. ಕಂಡದ್ದನ್ನು ನಂಬುವುದು ಪಾಮರರ ಕ್ರಮ. ಸಂಶೋಧಕ ನಂಬಬೇಕಾದದ್ದು ದಾಖಲೆಯನ್ನು. ಇಲ್ಲಿ ದಾಖಲೆಯೆಂದರೆ ಕಂಡಕ್ಟರ್ ಯಂತ್ರ ಉಗುಳುವ ಎರಡು ಚೀಟಿ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಂತೆ, ಆಧಾರ್ ತೋರಿಸಿದ ತಾಯಿಗೆ ಶೂನ್ಯ ಟಿಕೆಟ್. ಆರು ದಾಟಿ ಹನ್ನೆರಡು ತುಂಬದ ಮಗನಿಗೆ ಅರ್ಧ ಟಿಕೆಟ್. ಸೊನ್ನೆಗಿಂತ ಅರ್ಧ ದೊಡ್ಡದು ಎಂಬಲ್ಲಿ ಗಣಿತಜ್ಞರಿಗೆ ಭಿನ್ನಮತವಿಲ್ಲ. ಆದ್ದರಿಂದ ಪೋಷಕ ಮಗನೇ, ತಾಯಿ ಅವನ ಅವಲಂಬಿತೆ ಎಂಬುದು ನಮ್ಮ ಪ್ರತಿಪಾದನೆ.

ಇದಕ್ಕೆ ಶಾಸನದ ಬೆಂಬಲವೂ ಉಂಟು. 1956ರ ಆಗಸ್ಟ್ 25ರಂದು ಬಂದ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ, ಮಗುವಿಗೆ ತಂದೆ ಸಹಜ ಪೋಷಕ, 'ಅವನ ನಂತರ' ತಾಯಿ ಎಂದಿತು. ಆಗ ಕೊಳ್ಳೇಗಾಲ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು ನವೆಂಬರ್ 1ರಂದು. ಅಂದರೆ ಅಜ್ಜೀಪುರದ ತಾಯಂದಿರು 68 ದಿನ ಮದರಾಸಿನಲ್ಲಿ ಎರಡನೆಯವರಾಗಿದ್ದು, ಆಮೇಲೆ ಮೈಸೂರಿನಲ್ಲಿ ಎರಡನೆಯವರಾದರು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದೇ ಅಲ್ಲ, ಅವನು ಇಲ್ಲದ ಕಡೆಯೂ ಹೌದು ಎಂದಿತು. ತೀರ್ಪು ಟಿಕೆಟ್ ಯಂತ್ರವನ್ನು ಇನ್ನೂ ತಲುಪಿಲ್ಲ. ಏಳು ವರ್ಷದ ಮಗಳೊಡನೆ ಹೊರಟ ತಂದೆಯನ್ನು ನೋಡಿ: ಅವನಿಗೆ ಪೂರ್ತಿ, ಅವಳಿಗೆ ಸೊನ್ನೆ. ಸಹಜ ಪೋಷಕತ್ವ ಒಂದಿಷ್ಟೂ ಮುಕ್ಕಾಗಿಲ್ಲ.

ಮಗ ಆರರೊಳಗಿದ್ದರೆ ಚೀಟಿಯೇ ಇಲ್ಲವಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಒಪ್ಪಿದೆ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು ಅದೇ ಕಾಯ್ದೆ ಹೇಳುತ್ತದೆ. ಸಾರಿಗೆ ಸಂಸ್ಥೆ ಒಂದು ವರ್ಷ ಹೆಚ್ಚೇ ಉದಾರಿ. ಪಾಲಾರ್ ದಾಟುವ ಬಸ್ಸಿನಲ್ಲಿ ತಾಯಿಗೂ ದುಡ್ಡಿದೆಯಲ್ಲ ಎಂಬುದೂ ನಿಜ. ಹೊರರಾಜ್ಯದ ಬಸ್ಸಿಗೆ ಶಕ್ತಿ ಅನ್ವಯಿಸದ ಕಾರಣ, ಮೆಟ್ಟೂರಿಗೆ ಹೊರಟವಳು ಪೂರ್ತಿ ಟಿಕೆಟ್ ತೆತ್ತು ತಾಯ್ತನವನ್ನು ಮರಳಿ ಕೊಳ್ಳಬಹುದು. ಇನ್ನು ಕೆಲವರು ತಂದೆಯ ಒಪ್ಪಿಗೆ ಪತ್ರ ಎಲ್ಲಿ ಎನ್ನುತ್ತಾರೆ. ಪಾಸ್‌ಪೋರ್ಟಿಗಾದರೆ ಇಬ್ಬರೂ ಸಹಿ ಹಾಕುವ ಅನುಬಂಧ ಡಿ, ಒಬ್ಬರೇ ಇದ್ದರೆ ಅನುಬಂಧ ಸಿ ಉಂಟು. ಕೊಳ್ಳೇಗಾಲಕ್ಕೆ ಯಾವ ಅನುಬಂಧವೂ ಬೇಡ. ಬಸ್ ಸ್ಟಾಪಿನ ಕಟ್ಟೆಯಿಂದ "ಕೂಸ ಕಟ್ಕಂಡು ಎಲ್ಗವ್ವ ಹೊಂಟೆ?" ಎಂಬ ವಿಚಾರಣೆ ನಡೆಯುತ್ತದೆ. ಬಸ್ಸು ಹನೂರು ಮುಟ್ಟುವ ಮೊದಲೇ ಉತ್ತರದ ನಕಲು ಗಂಡನ ಮನೆ ಮುಟ್ಟಿರುತ್ತದೆ.

ಅತ್ಯಂತ ಬಲವಾದ ಸಾಕ್ಷ್ಯ ಬಾಯಿಮಾತಿನದು. ಕಂಡಕ್ಟರ್ ವಯಸ್ಸು ಕೇಳಿದಾಗ ತಾಯಿ "ಐದೂವರೆ" ಎನ್ನುತ್ತಾಳೆ. ಕಿಟಕಿಯ ಪಕ್ಕದಿಂದ "ಇಲ್ಲ, ನಂಗ ಏಳು ಕನಾ, ಎರಡ್ನೇ ಕ್ಲಾಸು" ಎಂದು ತಿದ್ದುಪಡಿ ಬರುತ್ತದೆ. ತನ್ನ ಟಿಕೆಟನ್ನು ತಾನೇ ಗಿಟ್ಟಿಸಿಕೊಳ್ಳುವವನನ್ನು ಅಪ್ರಾಪ್ತನೆನ್ನುವುದು ಹೇಗೆ? ದುಡ್ಡು ತಾಯಿಯ ಸೆರಗಿನ ಗಂಟಿನಿಂದಲೇ ಬಂತಲ್ಲ ಎನ್ನಬಹುದು. ಟಿಕೆಟಿನಲ್ಲಿ ಊರು, ದರ, ಹೊತ್ತು ಅಚ್ಚಾಗಿರುತ್ತವೆ. ಗಂಟು ಬಿಚ್ಚಿದವಳ ಹೆಸರು ಅಚ್ಚಾಗಿರುವುದಿಲ್ಲ.