ವಕಾಂಡ, ವಯಾ ಹ್ಯಾಂಡ್‌ಪೋಸ್ಟ್

ವಕಾಂಡ ಎಂಬ ರಾಜ್ಯ ಆಫ್ರಿಕಾದಲ್ಲಿದೆ ಎಂದು ಅದನ್ನು ಹುಟ್ಟುಹಾಕಿದವರು ಹೇಳಿಕೊಂಡಿದ್ದಾರೆ. ಹುಟ್ಟುಹಾಕಿದವರು ಅಮೆರಿಕದ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ. ವರ್ಷ 1966, ಜಾಗ ಒಂದು ಕಾಮಿಕ್ಸ್ ಪುಸ್ತಕ. ಇಬ್ಬರೂ ದೊಡ್ಡವರು, ಈಗ ಇಲ್ಲ, ಅವರ ಮಾತು ತೆಗೆದುಹಾಕುವುದು ನನ್ನಂಥವನಿಗೆ ಶೋಭಿಸುವುದಿಲ್ಲ. ಆದರೆ ಇಬ್ಬರೂ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದು ಟೀ ಕುಡಿದವರಲ್ಲ. ಕುಡಿದಿದ್ದರೆ ಆಫ್ರಿಕಾದ ತನಕ ಹೋಗುವ ಖರ್ಚು ಉಳಿಯುತ್ತಿತ್ತು.

ಕಥೆ ಕೇಳದವರಿಗೆ ಒಂದು ಮಾತು. ಬಹಳ ಹಿಂದೆ ಆಕಾಶದಿಂದ ಒಂದು ಉಲ್ಕೆ ಬಿತ್ತು. ಅದರ ತುಂಬ ವೈಬ್ರೇನಿಯಂ ಎಂಬ ಲೋಹ. ಗುಂಡು ಹೊಡೆದರೆ ಗುಂಡಿನ ಬಲವನ್ನೇ ನುಂಗುತ್ತದೆ, ಸದ್ದು ಮಾಡಿದರೆ ಸದ್ದನ್ನೂ ನುಂಗುತ್ತದೆ. ವಕಾಂಡದಲ್ಲಿ ರೈಲು ಓಡುವುದು, ವಿಮಾನ ಹಾರುವುದು, ಗಾಯ ಮಾಯುವುದು, ಕೊನೆಗೆ ರಾಜನ ಬಟ್ಟೆ ಹೊಲಿಯುವುದು, ಎಲ್ಲ ಅದರಿಂದಲೇ. ರಾಜನ ಹೆಸರು ಟಿಚಾಲ. ಅವನು ಕರಿಚಿರತೆಯ ವೇಷ ಹಾಕಿ ಶತ್ರುಗಳ ಮೇಲೆ ಹಾರುತ್ತಾನೆ. ಹೊರಗಿನವರ ಕಣ್ಣಿಗೆ ಅದು ಕುರಿ ಕಾಯುವ ಬಡದೇಶ. ಮಾಯಾಪರದೆ ಸರಿಸಿದರೆ ಒಳಗೆ ಗಗನಚುಂಬಿ ನಗರ. ರಯಾನ್ ಕೂಗ್ಲರ್ ಇದನ್ನು 2018ರಲ್ಲಿ ಸಿನಿಮಾ ಮಾಡಿ ಲೋಕದ ದುಡ್ಡನ್ನೆಲ್ಲ ಬಾಚಿದರು. ಮೂರು ಆಸ್ಕರ್ ಕೂಡ ಬಂತು.

ಈ ವಿದ್ಯೆಯನ್ನೆಲ್ಲ ನನಗೆ ಧಾರೆಯೆರೆದವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಏಳನೇ ಕ್ಲಾಸು. ಆಗಸ್ಟಿನಲ್ಲಿ ರಜೆ ಕೂಡಿಬಂತೆಂದು ಹುಣಸೂರಿಗೆ ಬಂದವನನ್ನು ಪಿರಿಯಾಪಟ್ಟಣದ ಕಡೆಯ ನನ್ನ ಸೋದರಮಾವನ ಹಳ್ಳಿಗೆ ಕರೆದೊಯ್ದೆ. ಮಾವ ಹೊಗೆಸೊಪ್ಪಿನ ಬೆಳೆಗಾರರು. ಆ ಹೊತ್ತಿಗೆ ಸೊಪ್ಪು ಹದಗೊಳಿಸುವ ಬ್ಯಾರನ್ನಿಗೆ ಸೌದೆ ಹಾಕುತ್ತಿದ್ದರು. ಹುಡುಗ ಅವರ ಪಕ್ಕ ಕೂತು ಪೂರಾ ಕಥೆ ಹೇಳಿದ.

“ಕರಿಚಿರತೆ ಅಂದ್ರೆ ನಮ್ ದುನಿಯಾ ವಿಜಯ್ ತಾನೆ?” ಎಂದರು ಮಾವ.

“ಅಲ್ಲ ತಾತ, ಇವ್ನು ಕಿಂಗು.”

“ವಿಜಯ್‌ಗೇನ್ ಕಮ್ಮಿ ಆಗಿರೋದು? ಇರ್ಲಿ ಬುಡು. ಆ ಲೋಹ ಕೇಜಿಗೆ ಏನ್ ರೇಟು?”

“ಅದನ್ನ ಮಾರಲ್ಲ ತಾತ. ಯಾರಿಗೂ ಕೊಡಲ್ಲ.”

“ಮಾರ್ದೆ ಸಾಲ ಹೆಂಗ್ಲಾ ತೀರಿಸ್ತಾರೆ?”

ಹುಡುಗ ನನ್ನ ಮುಖ ನೋಡಿದ. ಐವತ್ತು ವರ್ಷಕ್ಕೂ ಮೇಲೆ ವಕಾಂಡದ ಕಥೆ ಬೆಳೆಸಿದವರಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಂತಿಲ್ಲ. ಅದುರಾಟವನ್ನೆಲ್ಲ ನುಂಗುವ ಲೋಹ ಎಂದಾಗ ಮಾತ್ರ ಮಾವನ ಕಣ್ಣು ಅರಳಿತು. “ಹಂಗಾರೆ ಕ್ವಾಟೆ ಬಸ್ಸಿನ ಹಿಂದಿನ್ ಸೀಟಿನ್ ಕೆಳಗೆ ಒಂದು ತಗಡು ಹಾಕ್ಸಪ್ಪ, ಪುಣ್ಯ ಬತ್ತದೆ” ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯೋಚಿಸುತ್ತ ಹೋದಂತೆ ವಕಾಂಡದ ಒಂದೊಂದೇ ಸಾಮಾನು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸಿಗತೊಡಗಿತು.

ಮೊದಲು ಕರಿಚಿರತೆ. ಇದಕ್ಕೆ ಸಾಕ್ಷಿ ಹುಡುಕಬೇಕಿಲ್ಲ. ಕಬಿನಿ ಹಿನ್ನೀರಿನ ಕಾಡಿನಲ್ಲಿ ‘ಸಾಯಾ’ ಎಂದು ಹೆಸರಾದ ಕರಿಚಿರತೆಯ ಹಿಂದೆ ಶಾಜ್ ಜಂಗ್ ವರ್ಷಗಟ್ಟಲೆ ಕ್ಯಾಮೆರಾ ಹೊತ್ತು ಅಲೆದರು. ಆ ಅಲೆದಾಟದ ಸಾಕ್ಷ್ಯಚಿತ್ರ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ 2020ರಲ್ಲಿ ಬಂತು. ಅದೇ ವರ್ಷ ಮಿಥುನ್ ಎಚ್. ತೆಗೆದ ಫೋಟೊ, ಮುಂದೆ ಮಚ್ಚೆಯ ಹೆಣ್ಣು, ಅದರ ಬೆನ್ನಿಗೆ ನೆರಳಂತೆ ಸಾಯಾ, ಜಗತ್ತಿನ ಮೊಬೈಲುಗಳನ್ನೆಲ್ಲ ಸುತ್ತಿತು. ಕರಿಚಿರತೆ ಬೇರೆ ಜಾತಿಯಲ್ಲ, ಅದೂ ಚಿರತೆಯೇ. ತಂದೆತಾಯಿ ಇಬ್ಬರಿಂದಲೂ ಒಂದು ಅಡಗಿದ ಗುಣ ಬಂದರೆ ಮರಿ ಕಪ್ಪಾಗುತ್ತದೆ. ಬೆಳಕು ಓರೆಯಾಗಿ ಬಿದ್ದಾಗ ಕಪ್ಪಿನೊಳಗಿಂದ ಮಚ್ಚೆಗಳು ಇಣುಕುತ್ತವೆ. ಅಂದರೆ ಟಿಚಾಲನಿಗೆ ವೇಷ ಹೊಲಿಸಬೇಕು, ನಮ್ಮವನು ಹೊಲಿಸಿಕೊಂಡೇ ಹುಟ್ಟಿದ್ದಾನೆ. ಒಂದೇ ಕೊರಗು. ದಮ್ಮನಕಟ್ಟೆಯಿಂದ ಸಫಾರಿಗೆ ಹೋಗುವ ದೂರದೂರದವರಿಗೆ ದರ್ಶನ ಕೊಡುವ ಅವನು ತಾಲ್ಲೂಕಿನ ಮತದಾರರಿಗೆ ಅಷ್ಟಾಗಿ ಸಿಗುವುದಿಲ್ಲ. ಆ ಲೆಕ್ಕದಲ್ಲಿ ಸೂಪರ್ ಹೀರೊಗಿಂತ ಅವನು ಬೇರೊಂದು ವರ್ಗಕ್ಕೆ ಹತ್ತಿರ.

ಹೊರದೇಶದ ಸಿನಿಮಾದವರು ನಮ್ಮಲ್ಲಿಗೆ ಬಂದದ್ದೂ ಉಂಟು. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಮಾವುತನೊಬ್ಬನ ಮನೆಯಲ್ಲಿ ಸಾಬು ಎಂಬ ಹುಡುಗ ಹುಟ್ಟಿದ. ಕಿಪ್ಲಿಂಗನ ಕಥೆಯೊಂದನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ, ಆನೆಯ ಕಾಲಡಿ ಆಡಿಕೊಂಡಿದ್ದ ಈ ಹುಡುಗ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು. ಆಮೇಲೆ ಸಾಬು ಲಂಡನ್ನು ದಾಟಿ ಹಾಲಿವುಡ್ಡಿಗೆ ಹೋದ, ‘ಥೀಫ್ ಆಫ್ ಬಾಗ್ದಾದ್’ನಲ್ಲಿ ಕಳ್ಳನಾದ, 1942ರ ‘ಜಂಗಲ್ ಬುಕ್’ನಲ್ಲಿ ಮೋಗ್ಲಿಯಾದ. ಮೋಗ್ಲಿಯ ಗೆಳೆಯ ಬಘೀರ ಯಾರು? ಕರಿಚಿರತೆ! ಟಿಚಾಲ ಹುಟ್ಟುವುದಕ್ಕೆ 24 ವರ್ಷ ಮೊದಲೇ ಕೋಟೆ ತಾಲ್ಲೂಕಿನ ಹುಡುಗ ಕರಿಚಿರತೆಯ ಜೊತೆ ಬೆಳ್ಳಿತೆರೆಯ ಮೇಲೆ ಓಡಾಡಿದ್ದ. ಮೈಮೇಲೆ ವೈಬ್ರೇನಿಯಂ ಇರಲಿಲ್ಲ, ಒಂದು ಲಂಗೋಟಿ ಇತ್ತು, ಅಷ್ಟೆ. ಟಿಚಾಲನ ಒಡೆಯರಾದ ಮಾರ್ವೆಲ್‌ನವರು ಇದಕ್ಕೊಂದು ರಾಯಲ್ಟಿ ಕಳಿಸಿದರೆ ಕಾರಾಪುರದವರು ಬೇಡ ಎನ್ನಲಾರರು.

ತಮಾಷೆ ಅಲ್ಲ, ಸಾಬು ಆಮೇಲೆ ಅಮೆರಿಕದ ಪೌರನಾಗಿ ವಾಯುಪಡೆ ಸೇರಿ, ಬಾಂಬರ್ ವಿಮಾನದ ಬಾಲದಲ್ಲಿ ಗನ್ನು ಹಿಡಿದು ಕೂತು, ಯುದ್ಧದಲ್ಲಿ ಪದಕ ಗಳಿಸಿದ. 1963ರಲ್ಲಿ, ನಲವತ್ತು ತುಂಬುವ ಮುಂಚೆಯೇ ತೀರಿಕೊಂಡ. ಈಗ ಕಾರಾಪುರದ ಸುತ್ತ ಇರುವ ರೆಸಾರ್ಟುಗಳ ಬಾಡಿಗೆ ನೋಡಿದರೆ ಮಾವುತನ ಮಗ ಅಲ್ಲಿ ಒಂದು ರಾತ್ರಿ ಮಲಗಲೂ ಹಾಲಿವುಡ್ಡಿಗೆ ಹೋಗಿ ದುಡಿದುಬರಬೇಕು.

ಇನ್ನು ಅಡಗಿರುವ ವಿಷಯ. ಇದರಲ್ಲಿ ವಕಾಂಡ ನಮ್ಮ ಮುಂದೆ ನಿಲ್ಲಲಾರದು. ಅವರದು ಯಂತ್ರದ ಪರದೆ, ನಮ್ಮದು ಸಹಜ. ಕೋಟೆಯಿಂದ ಕಾಡಿನೊಳಗಿನ ಬಳ್ಳೆ ಕಡೆಗೆ ಹೊರಟರೆ ಮೊಬೈಲಿನ ಗೆರೆಗಳು ಒಂದೊಂದಾಗಿ ಇಳಿದು ಕೊನೆಗೆ ನಿಮ್ಮನ್ನು ಲೋಕ ಮರೆತೇಬಿಡುತ್ತದೆ. ಕಾಡಿನ ನಡುವೆ ಹೋಗುವ ಮಾನಂದವಾಡಿ ರಸ್ತೆಯ ಗೇಟು ಸಂಜೆ 6ಕ್ಕೆ ಬಿದ್ದರೆ ಏಳುವುದು ಬೆಳಗ್ಗೆ 6ಕ್ಕೆ. ನಡುನಡುವೆ ರಸ್ತೆಯಲ್ಲಿ ಬರುವ ಗುಂಡಿಗಳನ್ನು ನಾನು ಬಹುಕಾಲ ಯಾರದೋ ಸೋಮಾರಿತನ ಎಂದುಕೊಂಡಿದ್ದೆ. ಅವು ರಕ್ಷಣಾ ವ್ಯವಸ್ಥೆ ಎಂದು ಸಿನಿಮಾ ನೋಡಿದ ಮೇಲೆ ಗೊತ್ತಾಯಿತು. ಪಿರಿಯಾಪಟ್ಟಣದ ಬೈಲಕುಪ್ಪೆಯ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿಗೆ 1961ರ ಸುಮಾರಿಗೆ ಬಂದು ನೆಲೆಸಿದ ಟಿಬೆಟಿಯನ್ನರದೇ ನಿಜವಾದ ಅಡಗಿದ ರಾಜ್ಯವಾಗಿತ್ತು. ಹಿಮಾಲಯದಾಚೆ ಯಾರ ಕೈಗೂ ಸಿಗದಂತಿದ್ದ ನಾಡನ್ನು ಕಳೆದುಕೊಂಡು ಬಂದು ಇಲ್ಲಿ ಮುಸುಕಿನ ಜೋಳ ಬೆಳೆದರು.

ಕೋಟೆಯ ಕಾಡಿಗೂ ಅದರದೇ ಪ್ರಜೆಗಳಿದ್ದರು. ಜೇನುಕುರುಬರು, ಬೆಟ್ಟಕುರುಬರು. ಯಾವ ಬಳ್ಳಿ ಯಾವ ಜ್ವರಕ್ಕೆ, ಯಾವ ಮರದ ಪೊಟರೆಯಲ್ಲಿ ಜೇನು, ಆನೆ ಯಾವ ದಾರಿಯಲ್ಲಿ ನೀರಿಗಿಳಿಯುತ್ತದೆ ಎಂಬುದು ಅವರಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ. ಕಾಕನಕೋಟೆಯಲ್ಲಿ ಮಹಾರಾಜರ ಅತಿಥಿಗಳು ಅಟ್ಟಣಿಗೆ ಮೇಲೆ ಕೂತು ಆನೆ ಹಿಡಿಯುವ ಖೆಡ್ಡಾ ನೋಡುತ್ತಿದ್ದಾಗ ಕೆಳಗೆ ಆನೆಗಳನ್ನು ಅಟ್ಟುತ್ತಿದ್ದವರೂ ಅವರೇ. ಕೊನೆಯ ಖೆಡ್ಡಾ 1971ರಲ್ಲಿ ಆಯಿತು. ಹಿಂದೆಯೇ ಕಬಿನಿ ಅಣೆಕಟ್ಟಿನ ನೀರು ಬಂತು, ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಎಷ್ಟೋ ಹಾಡಿಗಳನ್ನು ಎಬ್ಬಿಸಿ ಹೊರಗೆ ಹಾಕಿದರು. ವಕಾಂಡದಲ್ಲಿ ಹೊರಗಿನವರು ಒಳಗೆ ಬರಬಾರದೆಂದು ಪರದೆ. ಇಲ್ಲಿ ಒಳಗಿದ್ದವರು ಗೇಟಿನ ಹೊರಗೆ, ಟಿಕೆಟ್ ಕೊಂಡವರು ಒಳಗೆ. ಇಷ್ಟು ವಿಚಿತ್ರದ ಕಥೆಯನ್ನು ಸ್ಟಾನ್ ಲೀಗೆ ಹೇಳಿದ್ದರೆ ಯಾರೂ ನಂಬುವುದಿಲ್ಲ ಎಂದು ಕೈಬಿಡುತ್ತಿದ್ದರು.

ಬೆಳಗ್ಗೆ ಇದನ್ನೆಲ್ಲ ಹೇಳಿದಾಗ, ಲೋಹ ಎಲ್ಲಿ ಎಂದು ಹುಡುಗ ಪಟ್ಟು ಹಿಡಿದ. ನ್ಯಾಯವಾದ ಪ್ರಶ್ನೆ. ನಮಗೆಲ್ಲ ಸರಗೂರು ಎಂದರೆ ಬಸ್ಸಿನ ಬೋರ್ಡು. ಭೂವಿಜ್ಞಾನಿಗಳಿಗೆ ಅದು ಒಂದು ಕಾಲದ ಹೆಸರು. 300 ಕೋಟಿ ವರ್ಷಕ್ಕೂ ಹಳೆಯ ಒಂದು ಶಿಲಾಸಮೂಹವನ್ನೇ ಅವರು ‘ಸರಗೂರು’ ಎಂದು ಕರೆಯುತ್ತಾರೆ. ಕಬ್ಬಿಣದ ಪಟ್ಟೆಯ ಕಲ್ಲು, ಕಯನೈಟ್, ಕ್ರೋಮಿಯಂ ಇರುವ ಕಲ್ಲು, ಅಮೃತಶಿಲೆ, ಏನುಂಟು ಏನಿಲ್ಲ. ಆ ಕಲ್ಲುಗಳಾದಾಗ ಆಫ್ರಿಕಾ ಎಂಬ ಖಂಡವೇ ಇರಲಿಲ್ಲ, ಇನ್ನು ವಕಾಂಡ ಎಲ್ಲಿಯದು. ಚಿನ್ನದ ಆಸೆಯೂ ಈ ಕಡೆ ಸುಳಿದುಹೋಗಿದೆ. 1880ರ ಸುಮಾರಿಗೆ ಕೋಟೆಯ ಗಡಿಯಾಚೆ ವಯನಾಡಿನಲ್ಲಿ ಲಂಡನ್ನಿನ ಕಂಪನಿಗಳು ಒಂದರ ಮೇಲೊಂದು ಹುಟ್ಟಿ, ಷೇರು ಮಾರಿ, ಗುಂಡಿ ತೋಡಿ, ಬೇಗನೆ ಮಣ್ಣಾದವು. ಕೋಲಾರದಲ್ಲಿ ಚಿನ್ನವೇನೋ ಸಿಕ್ಕಿತು. ಆದರೆ ಆ ಲೋಹದಿಂದ ರಾಜ್ಯಕ್ಕೆ ಬೆಳಕು ಬರಲಿಲ್ಲ, ರಾಜ್ಯದ ಬೆಳಕೇ ಲೋಹಕ್ಕೆ ಹೋಯಿತು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ನೇರ ಗಣಿಗೆ ಓಡಿತು, ಮಹಾರಾಜರ ಮೈಸೂರು ದೀಪಕ್ಕಾಗಿ 1908ರವರೆಗೆ ಕಾಯಿತು.

ವೈಬ್ರೇನಿಯಂ ಇದ್ದರೆ ಅದು ಕೆ.ಆರ್. ನಗರದ ಕಡೆ ಇರಬೇಕು ಎಂಬ ಸಂಶಯ ಮಾತ್ರ ನನಗಿದೆ. ಅಲ್ಲಿನ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಯಿಂದ ಧುಮುಕುತ್ತಾಳೆ. ಮಳೆಗಾಲದಲ್ಲಿ ಪಕ್ಕದವನ ಮಾತು ಕೇಳಬೇಕಾದರೆ ಅವನ ಬಾಯಿಗೇ ಕಿವಿ ಕೊಡಬೇಕು. ಮೇಲೆ ಕೋದಂಡರಾಮನ ಗುಡಿ. ಆ ಗುಡಿಯ ಗರ್ಭಗೃಹದಲ್ಲಿ ಜಲಪಾತದ ಸದ್ದು ಕೇಳಿಸುವುದಿಲ್ಲ ಎಂಬುದು ತಲೆತಲಾಂತರದಿಂದ ಬಂದ ಪ್ರತೀತಿ. ಅಲ್ಲಿಗೆ ಕರೆದೊಯ್ದಾಗ ಹುಡುಗನಿಗೆ ರೋಮಾಂಚನ. “ಮಾಮ, ಕಲ್ಲೊಳಗೆ ಪಕ್ಕಾ ವೈಬ್ರೇನಿಯಂ ಇದೆ!” ಎಂದು ಗೋಡೆಗೆ ಕಿವಿಯಿಟ್ಟು ನಿಂತ. ಸಿನಿಮಾದಲ್ಲಿ ಸಿಂಹಾಸನಕ್ಕಾಗಿ ಕುಸ್ತಿ ನಡೆಯುವುದೂ ಜಲಪಾತದ ನೆತ್ತಿಯ ಮೇಲೇ ಅಲ್ಲವೆ ಎಂದು ಕೇಳಿದ. ನಮ್ಮಲ್ಲಿ ಅಲ್ಲಿ ನಡೆಯುವುದು ಜನವರಿಯ ದನದ ಜಾತ್ರೆ. ಅಲ್ಲಿಯೂ ಹಟ, ಪೈಪೋಟಿ, ಏಟು ಎದುರೇಟು ಎಲ್ಲ ಉಂಟು. ಆದರೆ ಟವೆಲ್ಲಿನ ಕೆಳಗೆ, ಬೆರಳು ಹಿಡಿದು.

ವಕಾಂಡದಲ್ಲಿ ಒಂದು ಗಿಡವೂ ಇದೆ. ಹೃದಯದ ಆಕಾರದ ಮೂಲಿಕೆ, ಅದರ ರಸ ಕುಡಿದ ರಾಜನಿಗೆ ಚಿರತೆಯ ಬಲ. ನಮ್ಮ ಗಿಡ ಮಾವನ ಬ್ಯಾರನ್ನಿನಲ್ಲಿ ನೇತಾಡುತ್ತಿತ್ತು. ಅಗಲ ಎಲೆ, ಹಸಿರು ಹೋಗಿ ಹೊನ್ನಿನ ಬಣ್ಣ ಬರುವ ಹದ. ಹೆಚ್ಚು ಕಡಿಮೆ ಒಂದು ವಾರ ಹಗಲೂ ರಾತ್ರಿ ಸೌದೆ ಉರಿಸಿ ಶಾಖವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಒಂದು ರಾತ್ರಿ ಕಣ್ಣು ಮುಚ್ಚಿದರೆ ಹೊನ್ನು ಹೋಗಿ ಕಂದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಎಷ್ಟು ತಾರಸಿ ಮನೆ, ಎಷ್ಟು ಮದುವೆ, ಎಷ್ಟು ಎಂಜಿನಿಯರಿಂಗ್ ಸೀಟು ಈ ಎಲೆಯಿಂದ ಎದ್ದಿವೆ ಎಂದು ಲೆಕ್ಕವಿಟ್ಟವರಿಲ್ಲ. ಮುಳುಗಿದ ಮನೆಗಳ ಲೆಕ್ಕವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಂಬಾಕು ಮಂಡಳಿಯ ಪ್ಲಾಟ್‌ಫಾರಂನಲ್ಲಿ ಹರಾಜಿನ ದಿನ ಬೇಲ್‌ಗಳ ಮುಂದೆ ನಿಂತ ರೈತರ ಮುಖ ನೋಡಬೇಕು. ಕೊಳ್ಳುವವರು ಬೆಲೆ ಕಟ್ಟದೆ ಮುಂದಕ್ಕೆ ಹೋದರೆ ಯಾವ ವೈಬ್ರೇನಿಯಮ್ಮೂ ಆ ಏಟನ್ನು ನುಂಗಲಾರದು. ವಕಾಂಡದ ಮೂಲಿಕೆ ಎದೆಗೆ ಬಲ ಕೊಡುತ್ತದಂತೆ. ನಮ್ಮದು ಎದೆಗೆ ಏನು ಮಾಡುತ್ತದೆ ಎಂದು ಪೊಟ್ಟಣದ ಮೇಲೆ ಚಿತ್ರಸಮೇತ ಅಚ್ಚುಹಾಕಿರುತ್ತಾರೆ. ಹುಡುಗ ಆ ಚಿತ್ರ ನೋಡಿ ತಾತನಿಗೆ ಬುದ್ಧಿ ಹೇಳಿದ. “ನಾನು ಸೇದಕ್ಕಿಲ್ಲ ಮಗ, ಬೆಳಿತೀನಿ ಅಷ್ಟೆ” ಎಂದರು ಮಾವ.

ಅಷ್ಟು ಹೊತ್ತಿಗೆ ನನಗೆ ಹೊಳೆದದ್ದು ದಸರೆಯ ಅಂಬಾರಿ. ನಮ್ಮ ರಾಜ್ಯದ ಮಾಯಾಲೋಹ ಮೈಸೂರಿನ ಅರಮನೆಯಲ್ಲಿದೆ. ಮರದ ಚೌಕಟ್ಟಿಗೆ ಚಿನ್ನದ ತಗಡು ಹೊದಿಸಿದ ಅದರ ತೂಕ 750 ಕೆಜಿ. ಇಡೀ ವರ್ಷ ಸುಮ್ಮನಿದ್ದು ವಿಜಯದಶಮಿಯ ದಿನ ಲಕ್ಷಾಂತರ ಜನರನ್ನು ಮರ ಹತ್ತಿಸುವ, ಕಟ್ಟಡದ ಅಂಚಿಗೆ ನಿಲ್ಲಿಸುವ ಶಕ್ತಿ ಅದಕ್ಕಿದೆ. ವ್ಯತ್ಯಾಸ ಇಷ್ಟೆ, ವಕಾಂಡದಲ್ಲಿ ಲೋಹವೇ ವೀರನನ್ನು ಹೊರುತ್ತದೆ, ನಮ್ಮಲ್ಲಿ ವೀರ ಲೋಹವನ್ನು ಹೊರಬೇಕು. ಆ ವೀರರು ಆನೆಗಳು, ಬರುವುದು ನಾಗರಹೊಳೆಯ ಸುತ್ತಿನ ಶಿಬಿರಗಳಿಂದ. ಅರ್ಜುನನನ್ನು ಹಿಡಿದದ್ದು 1968ರ ಕಾಕನಕೋಟೆ ಖೆಡ್ಡಾದಲ್ಲಿ, ಅವನ ಮನೆ ಕೋಟೆಯ ಬಳ್ಳೆ. 2012ರಿಂದ 2019ರವರೆಗೆ ಎಂಟು ಸಲ ಅಂಬಾರಿ ಹೊತ್ತ. ನಿವೃತ್ತನಾದ ಮೇಲೂ ಪುಂಡಾನೆ ಹಿಡಿಯಲು ಕರೆದೊಯ್ದರು. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಯಸಳೂರಿನಲ್ಲಿ ಕಾಡಾನೆಯೊಡನೆ ಕಾದಾಡುತ್ತ ಸತ್ತ. ಆ ಸುದ್ದಿ ಬಂದ ಸಂಜೆ ನಮ್ಮ ಕಡೆ ಜನ ಮನೆಯವರನ್ನು ಕಳೆದುಕೊಂಡವರ ಹಾಗೆ ಕೂತಿದ್ದರು. ಅವನು ನಿವೃತ್ತನಾದಾಗಲೇ ಲೋಹ ಹೊರುವ ಸರದಿ ಮತ್ತಿಗೋಡು ಶಿಬಿರದ ಅಭಿಮನ್ಯುವಿಗೆ 2020ರಲ್ಲಿ ಬಂತು.

ಟಿಚಾಲನ ದೇಹದ ತೂಕ ಎಷ್ಟೆಂದು ಯಾರೂ ಕೇಳುವುದಿಲ್ಲ. ನಮ್ಮ ವೀರರನ್ನು ಮೈಸೂರಿಗೆ ಕರೆತಂದ ಕೂಡಲೇ ಲಾರಿ ತೂಗುವ ವೇ ಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಕವನ್ನು ಪೇಪರಿನಲ್ಲಿ ಹಾಕುತ್ತಾರೆ. ಅಭಿಮನ್ಯುವಿನದು ಐದು ಟನ್ನಿಗೂ ಮೇಲೆ. ಆಮೇಲೆ ಉದ್ದು, ಹೆಸರುಕಾಳು, ಕುಸಲಕ್ಕಿ, ಬೆಣ್ಣೆ, ಬೆಲ್ಲ, ಕೊಬ್ಬರಿಯ ಸತ್ಕಾರ ನಡೆಯುತ್ತದೆ, ಬೆನ್ನ ಮೇಲೆ ಮರಳಿನ ಮೂಟೆ ಹೊರಿಸಿ ದಿನವೂ ತಾಲೀಮು. ಹಬ್ಬ ಮುಗಿದಾಗ ಇನ್ನೊಮ್ಮೆ ಲಾರಿ ಹತ್ತಿಸಿ ಕಾಡಿಗೆ.

ಹುಡುಗನ ಪುಣ್ಯ, ಆ ವಾರವೇ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಈ ಆನೆಗಳನ್ನು ಮೈಸೂರಿಗೆ ಬೀಳ್ಕೊಡುವ ಗಜಪಯಣ. ಕರೆದುಕೊಂಡು ಹೋದೆ. ಮಂತ್ರಿಗಳು, ಮಂಗಳವಾದ್ಯ, ಪೂಜೆ, ಭಾಷಣ. ಭಾಷಣದುದ್ದಕ್ಕೂ ಕಿವಿ ಬೀಸುತ್ತ ನಿಂತ ಆನೆಗಳ ತಾಳ್ಮೆ ಯಾವ ಸೂಪರ್ ಹೀರೊಗೂ ಇರಲಿಕ್ಕಿಲ್ಲ. ಜನ ಸ್ವಲ್ಪ ಚದುರಿದಾಗ ಹುಡುಗ ಒಂದು ಆನೆಯ ಎದುರು, ಮಾವುತ ತೋರಿಸಿದಷ್ಟು ದೂರದಲ್ಲಿ ನಿಂತ. ಎರಡೂ ಮುಷ್ಟಿ ಬಿಗಿದು, ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಹಾಕಿ, ಗಂಭೀರವಾಗಿ “ವಕಾಂಡ ಫಾರೆವರ್” ಎಂದ. ಆನೆಯ ಸೊಂಡಿಲು ಮೆಲ್ಲಗೆ ಅವನ ಮುಷ್ಟಿಯ ಕಡೆಗೆ ಚಾಚಿತು.

“ಕೈ ಬಿಚ್ಚಿ ತೋರ್ಸು ಮರಿ” ಎಂದ ಮಾವುತ, “ಬೆಲ್ಲ ಬಚ್ಚಿಟ್ಕೊಂಡಿದ್ದೀಯ ಅಂತ ತಿಳ್ಕೊಂಡವ್ನೆ.”