ಗೋಡೆ ಕೆಡಹುವ ಶಾಸ್ತ್ರ

1960ರಲ್ಲಿ ಸ್ಥಾಪನೆಯಾದ ಸಿಂಗಪುರದ ವಸತಿ ಮತ್ತು ಅಭಿವೃದ್ಧಿ ಮಂಡಳಿ, ಅಂದರೆ ಜನರ ಬಾಯಲ್ಲಿ ಎಚ್‌ಡಿಬಿ, ಕಟ್ಟಿಸಿದ ಹಳೆಯ ‘ಮೂರು ಕೋಣೆ’ಯ ಫ್ಲ್ಯಾಟುಗಳಲ್ಲಿ ಹಜಾರವನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಮಲಗುವ ಕೋಣೆಗಳು ಎರಡೇ ಇದ್ದು, ಸುಮಾರು 60-65 ಚದರ ಮೀಟರಿನ ಆ ಜಾಗದಲ್ಲಿ ಅಜ್ಜಿ, ಮೊಮ್ಮಗ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ ಹೊಂದಿಕೊಂಡು ಬಾಳಬೇಕಾಗುತ್ತದೆ.

ಇಂಥ ಮನೆ ಕೊಂಡವರಿಗೆ ಮೊದಲು ಹೊಳೆಯುವ ಉಪಾಯ ಅಡುಗೆಮನೆಯ ಗೋಡೆಯನ್ನು ಕೆಡಹುವುದು. ಕಟ್ಟಡದ ಭಾರ ಹೊರುವ ಗೋಡೆಯನ್ನು ಮುಟ್ಟುವಂತಿಲ್ಲ. ಉಳಿದ ಗೋಡೆಗಳಿಗೂ ಮಂಡಳಿಯ ಅಪ್ಪಣೆ ಬೇಕು. ಒಡೆಯುವ ಸದ್ದಿಗೆ ಭಾನುವಾರ ಮತ್ತು ಸಾರ್ವಜನಿಕ ರಜೆಗಳಂದು ನಿಷೇಧವಿದೆ. ಇಷ್ಟೆಲ್ಲ ದಾಟಿ ಗೋಡೆ ಬಿದ್ದ ಮೇಲೆ, ಬೆಳಚಾನ್ ಎಂಬ ಹುದುಗಿಸಿದ ಸೀಗಡಿ ಮುದ್ದೆಯನ್ನು ಬಾಣಲೆಯಲ್ಲಿ ಹುರಿದ ಮೊದಲ ದಿನವೇ ಅದರ ಘಾಟು ಹೊಸ ಸೋಫಾದ ಮೇಲೆ ಪವಡಿಸುವುದರಿಂದ, ಗೋಡೆಯಿದ್ದ ಜಾಗದಲ್ಲೇ ಗಾಜಿನ ತಡೆ ಎದ್ದು ನಿಲ್ಲುತ್ತದೆ. ಹೀಗೆ ಕೆಡಹಿದ್ದಕ್ಕೊಂದು, ಕಟ್ಟಿದ್ದಕ್ಕೊಂದು ಬಿಲ್ಲು ಸಿದ್ಧವಾಗುತ್ತದೆ.

ಎರಡನೆಯ ಉಪಾಯವಾದ ಮರದ ಜಗಲಿ, ಅಂದರೆ ಮೇಲೆ ಹಾಸಿಗೆಯೂ ಕೆಳಗೆ ಖಾನೆಗಳೂ ಇರುವ ವೇದಿಕೆ, ಸಾಮಾನುಗಳನ್ನು ಎಷ್ಟು ಅಚ್ಚುಕಟ್ಟಾಗಿ ಅಡಗಿಸುತ್ತದೆಂದರೆ, ಅವು ಸಿಗದೆ ಮನೆಯವರು ಅವನ್ನೇ ಮತ್ತೆ ಕೊಂಡು ತರುತ್ತಾರೆ. ಅಡುಗೆಮನೆಯ ಗೋಡೆಯಲ್ಲಿರುವ ಕಸದ ಕೊಳವೆಯ ಬಾಯನ್ನು ಚೆಂದದ ಕಪಾಟಿನೊಳಗೆ ಮರೆಮಾಡುವ ಪದ್ಧತಿಯೂ ಉಂಟು. ಅತಿಥಿಗಳು ಮೋಸಹೋದರೂ ಜಿರಲೆಗಳು ಹೋಗುವುದಿಲ್ಲ.

ಬೇಡದ ಸಾಮಾನನ್ನು ಹೊರಹಾಕುವುದೇ ಎಲ್ಲಕ್ಕಿಂತ ಅಗ್ಗದ ನವೀಕರಣವಾಗಿದ್ದರೂ, ಗುತ್ತಿಗೆದಾರರಿಗೆ ಅದರಲ್ಲಿ ಗಿಟ್ಟುವುದೇನೂ ಇಲ್ಲದ ಕಾರಣ ಅದು ಯಾವ ಅಂದಾಜು ಪಟ್ಟಿಯಲ್ಲೂ ಕಾಣಿಸಿಕೊಳ್ಳುವುದಿಲ್ಲ.