ಹ್ಯಾಮ್ ರಾಯರ ತುರ್ತು ಪರಿಸ್ಥಿತಿ

ಮೈಸೂರಿನ ಆ ಬೀದಿಯ ಮಿಕ್ಕವರ ತಾರಸಿಯ ಮೇಲೆ ಸೋಲಾರ್, ಸಿಂಟೆಕ್ಸ್ ಟ್ಯಾಂಕು, ಒಣಹಾಕಿದ ಸಂಡಿಗೆ. ರಾಯರ ತಾರಸಿಯ ಮೇಲೆ ಒಂದು ಕಬ್ಬಿಣದ ಪೈಪು, ಅದರ ಎರಡೂ ಕಡೆಗೆ ಎಳೆದು ಕಟ್ಟಿದ ತಾಮ್ರದ ತಂತಿ. ಬಟ್ಟೆ ಒಣಗಿಸಲು ಇಷ್ಟು ಎತ್ತರವೇಕೆ ಎಂದು ಯಾರಾದರೂ ಕೇಳಿದರೆ ಮುಗಿಯಿತು. 'ಇದು 40 ಮೀಟರ್ ಬ್ಯಾಂಡಿನ ಡೈಪೋಲ್ ಆಂಟೆನಾ. 7.1 ಮೆಗಾಹರ್ಟ್ಸ್‌ಗೆ ಅರ್ಧ ತರಂಗ ಅಂದರೆ ಸುಮಾರು 20 ಮೀಟರ್ ತಂತಿ' ಎಂದು ಶುರುವಾದ ಮಾತು, ಕೇಳಿದವರ ಕೈಯ ಹಾಲಿನ ಪ್ಯಾಕೆಟ್ಟಿನ ತಂಪು ಹೋಗುವ ತನಕ ನಿಲ್ಲುವುದಿಲ್ಲ.

ರಾಯರು ಪರವಾನಗಿ ಪಡೆದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು. 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದಾದ ಪರೀಕ್ಷೆಯನ್ನು ನಿವೃತ್ತಿಯ ನಂತರ ಹೈಸ್ಕೂಲು ಹುಡುಗರ ಪಕ್ಕ ಕೂತು ಪಾಸು ಮಾಡಿದವರು. ಮೋರ್ಸ್ ಸಂಕೇತ ಬೇಡದ ರಿಸ್ಟ್ರಿಕ್ಟೆಡ್ ದರ್ಜೆ ಅವರ ಘನತೆಗೆ ಸಾಲದು. ನಿಮಿಷಕ್ಕೆ 8 ಪದಗಳ ಮೋರ್ಸ್ ಕೇಳುವ ಜನರಲ್ ದರ್ಜೆಯೇ ಆಗಬೇಕು. ಊಟಕ್ಕೆ ಕೂತಾಗಲೂ ಚಮಚದಿಂದ ತಟ್ಟೆಯ ಮೇಲೆ ಅಭ್ಯಾಸ. 'ಬಂದೆ ರೀ, ತಟ್ಟೆ ಬಡೀಬೇಡಿ' ಎಂದು ಹೆಂಡತಿ ಮತ್ತೊಂದು ಸೌಟು ಸಾರು ಬಡಿಸುತ್ತಿದ್ದರು.

ಮಂಚದ ಕೆಳಗಿರುವ ಟ್ರಂಕು ಆಪತ್ಕಾಲಕ್ಕೆ ಮೀಸಲು. 5 ವಾಟ್‌ನ ಕೈಸೆಟ್ಟು, ಯುಪಿಎಸ್‌ನಿಂದ ಕಳಚಿದ 12 ವೋಲ್ಟ್ ಬ್ಯಾಟರಿ, ಕೇಬಲ್ಲಿನ ಸುರುಳಿ, ಟಾರ್ಚು, ಪೆನ್ಸಿಲ್ಲು (ಮಳೆಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಸೀಸ ಹರಡುವುದಿಲ್ಲ), ಒಂದು ಡಬ್ಬಿ ಗೊಜ್ಜವಲಕ್ಕಿ ಪುಡಿ. ಪ್ರಳಯ ತಡವಾಗುತ್ತಿರುವುದರಿಂದ ಪುಡಿಯನ್ನು ಆಗಾಗ ಬದಲಿಸುವ ಹೊಣೆ ಹೆಂಡತಿಯದು. ದೊಡ್ಡ ಸೆಟ್ಟು ಮಾತ್ರ ಮೇಜು ಬಿಟ್ಟು ಏಳುವುದಿಲ್ಲ. 'ನೋಡೇ, ಈ 100 ವಾಟ್ ಸೆಟ್ಟು ಕೇಳಿಸಿಕೊಳ್ಳೋಕೆ ಒಂದು ಆಂಪಿಯರ್ ಆಸುಪಾಸು ಸಾಕು. ಮಾತಾಡೋಕೆ ಇಪ್ಪತ್ತರ ಹತ್ತಿರ ಎಳೆಯುತ್ತೆ. ಅದಕ್ಕೇ ವಿಪತ್ತಿನಲ್ಲಿ ಕೇಳೋದು ಹೆಚ್ಚು, ಆಡೋದು ಕಮ್ಮಿ' ಎಂದು ರಾಯರು ಒಮ್ಮೆ ಮುಕ್ಕಾಲು ಗಂಟೆ ವಿವರಿಸಿದರು.

'ಈ ಲೆಕ್ಕ ಮನೆಗೂ ಹಾಕಬಾರದೇ ರೀ?' ಎಂದರು ಆಕೆ.

ನಗಬೇಡಿ, ರಾಯರ ಬೆನ್ನಿಗೆ ಇತಿಹಾಸವಿದೆ. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್ ಕೇಂದ್ರ ತೆರೆದದ್ದು ಶುದ್ಧ ಹವ್ಯಾಸಕ್ಕೆ. ಅಂಡಮಾನಿನಿಂದ ಹ್ಯಾಮ್ ದನಿ ಕೇಳುವುದು ಅಪರೂಪವಾದ್ದರಿಂದ ಜಗತ್ತಿನ ಹ್ಯಾಮ್‌ಗಳೆಲ್ಲ ಅವರ ಸಂಪರ್ಕಕ್ಕೆ ಮುಗಿಬಿದ್ದಿದ್ದರು. 26ರ ಬೆಳಿಗ್ಗೆ ಭೂಮಿ ನಡುಗಿ ಸುನಾಮಿ ಅಪ್ಪಳಿಸಿತು. ಅದೇ ಸೆಟ್ಟು, ಅದೇ ಆಂಟೆನಾ ದ್ವೀಪದವರ ಕ್ಷೇಮ ಸಮಾಚಾರವನ್ನು ಮುಖ್ಯ ಭೂಭಾಗಕ್ಕೆ ಮುಟ್ಟಿಸತೊಡಗಿದವು. ಅದಕ್ಕೂ ಮುಂಚೆ, 2001ರ ಭುಜ್ ಭೂಕಂಪದಲ್ಲೂ ಹ್ಯಾಮ್‌ಗಳು ಸೆಟ್ಟು ಹೊತ್ತು ಓಡಿದ್ದರು. ಅದೂ 26ನೇ ತಾರೀಖೇ, ಜನವರಿಯದು. ಹೀಗಾಗಿ ರಾಯರು 26ನೇ ತಾರೀಖು ಬಂತೆಂದರೆ ಊರು ಬಿಟ್ಟು ಕದಲುವುದಿಲ್ಲ. ಮದುವೆ, ಗೃಹಪ್ರವೇಶಗಳ ಕಾರ್ಡು ಬಂದರೆ ಮೊದಲು ನೋಡುವುದು ತಾರೀಖನ್ನೇ.

ಭಾನುವಾರ ವಿಪತ್ತಿನ ಅಣಕು ಕಾರ್ಯಾಚರಣೆ. ಪರವಾನಗಿಯಿರುವ ನಾಲ್ಕು ಜನ ಊರಿನ ನಾಲ್ಕು ಮೂಲೆಗೆ. ನಿಯಂತ್ರಣ ಕೇಂದ್ರ ಕರೆಯುವ ತನಕ ಯಾರೂ ಬಾಯಿ ಬಿಡಬಾರದು. ಸಂದೇಶಕ್ಕೆ ಸಂಖ್ಯೆ, ವೇಳೆ, ಯಾರಿಂದ, ಯಾರಿಗೆ ಎಲ್ಲವನ್ನೂ ಬರೆದೇ ಓದಬೇಕು. ಕೇಳಿದವರು ತಿರುಗಿ ಒಪ್ಪಿಸಬೇಕು. ಈ ನಿಯಮಗಳನ್ನು ಬಾಯಿಪಾಠ ಒಪ್ಪಿಸುವ ರಾಯರೇ ಮೊದಲು ಉಲ್ಲಂಘಿಸುತ್ತಾರೆ. '40 ಕಂಬಳಿ ಬೇಕು' ಎಂಬ ಸಂದೇಶ ಅವರ ಬಾಯಲ್ಲಿ ಕಂಬಳಿಯ ಚರಿತ್ರೆಯಾಗುತ್ತದೆ. ಕೊನೆಗೆ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು, 'ಅಂಕಲ್, ಬ್ಯಾಟರಿ!' ಎಂದಾಗಲೇ ಬಟನ್ ಮೇಲಿನ ಹೆಬ್ಬೆರಳು ಸಡಿಲವಾಗುವುದು.

ಕಡೆಗೂ ಒಂದು ಸಂಜೆ ಗುಡುಗು ಸಹಿತ ಮಳೆ, ಮನೆಯೆಲ್ಲ ಕತ್ತಲು. ರಾಯರು ಟ್ರಂಕು ಎಳೆದರು. ಆದರೆ ಸಿಡಿಲಿನ ಹೊತ್ತಿನಲ್ಲಿ ಹ್ಯಾಮ್ ಮಾಡಬೇಕಾದ ಮೊದಲ ಕೆಲಸ ಆಂಟೆನಾದ ಕೇಬಲ್ ಕಿತ್ತಿಡುವುದು. ಇಷ್ಟು ವರ್ಷ ಕಾದ ಗಳಿಗೆಯಲ್ಲಿ ಕಿತ್ತ ಕೇಬಲ್ ಕೈಲಿ ಹಿಡಿದು ಒಂದು ತಾಸು ಕೂರಬೇಕಾಯಿತು.

'ಕರೆಂಟ್ ಆಫೀಸಿಗೆ ಒಂದು ಫೋನ್ ಹಚ್ಚಿ ರೀ.'

'ಫೋನು ಸತ್ತಿದೆ ಅಂತ ತಿಳ್ಕೊಳ್ಳೇ!'

ಮಿಂಚು ನಿಂತ ಮೇಲೆ 40 ಮೀಟರ್‌ನಲ್ಲಿ ಹುಬ್ಬಳ್ಳಿಯ ಗೆಳೆಯರು ಸಿಕ್ಕರು. ಅವರು ಅಲ್ಲಿಂದ ಮೈಸೂರಿನ ವಿದ್ಯುತ್ ಕಚೇರಿಗೆ ಫೋನು ಮಾಡಿ, ಉತ್ತರವನ್ನು ನಿಯಮದಂತೆ ಓದಿದರು: 'ಸಂದೇಶ ಸಂಖ್ಯೆ ಒಂದು. ನಿಮ್ಮ ಬೀದಿಯಲ್ಲಿ ಕರೆಂಟಿದೆಯಂತೆ. ಮನೆಯ ಫ್ಯೂಸ್ ನೋಡಿಕೊಳ್ಳಬೇಕಂತೆ. ಓವರ್.' ರಾಯರು ಒಂದು ಪದವೂ ಬಿಡದೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡು, ಮತ್ತೆ ಓದಿ ಒಪ್ಪಿಸಿದರು. ಹೆಂಡತಿ ಆಗಲೇ ಸ್ಟೂಲು ಹಾಕಿಕೊಂಡು ಮೀಟರ್ ಬೋರ್ಡಿನ ಮುಂದೆ ನಿಂತಿದ್ದರು. ಟ್ರಂಕಿನಲ್ಲಿ ಎಲ್ಲವೂ ಇತ್ತು, ಫ್ಯೂಸ್ ವೈರು ಒಂದು ಬಿಟ್ಟು.